ಬಾಗಿಲಿನಿಂದ ಮೇಲಕ್ಕೆ: ಗಾಥಿಕ್ ಚರ್ಚಿನ ಮುಖಭಾಗವನ್ನು ನೋಡುವ ಕ್ರಮ

ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ‘ದೇವಾಲಯ ಚಕ್ರವರ್ತಿ’ ಎಂದು ಶಾಸನದಲ್ಲಿ ಕೀರ್ತಿಸಲಾದ ಗುಡಿಯನ್ನು ಕಟ್ಟಿಸಿದ್ದು 1112ರಲ್ಲಿ. ಪ್ಯಾರಿಸ್ಸಿನ ಉತ್ತರಕ್ಕಿರುವ ಸೇಂಟ್ ಡೆನಿ ಮಠದ ಚರ್ಚಿಗೆ ಅಲ್ಲಿನ ಮಠಾಧಿಪತಿ ಸುಜೇ ಹೊಸ ಮುಖಭಾಗವನ್ನು ಕಟ್ಟಿಸಿ ಪ್ರತಿಷ್ಠೆ ನೆರವೇರಿಸಿದ್ದು 1140ರಲ್ಲಿ. ಮಧ್ಯಯುಗದ ಯುರೋಪಿನ ಚೂಪು ಕಮಾನಿನ ಕಟ್ಟಡ ಶೈಲಿಯಾದ ಗಾಥಿಕ್‌ನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಈ ಕಟ್ಟಡದಿಂದಲೇ ಆರಂಭಿಸುತ್ತಾರೆ. ನಡುವಿನ ಅಂತರ ಕೇವಲ 28 ವರ್ಷ. ಒಂದರ ಶಿಲ್ಪಿಗಳಿಗೆ ಇನ್ನೊಂದರ ಸುಳಿವೂ ಇರಲಿಲ್ಲ, ಆದ್ದರಿಂದ ಪ್ರಭಾವದ ಮಾತನ್ನು ಇಲ್ಲಿ ಎತ್ತುವಂತಿಲ್ಲ. ಆದರೆ ಇಟಗಿ, ಕುಕನೂರುಗಳ ಬಾಗಿಲುವಾಡಗಳನ್ನು ಶಾಖೆ ಶಾಖೆಯಾಗಿ (ಕೆತ್ತನೆಯ ಒಂದೊಂದೇ ನಿಲುವು ಪಟ್ಟಿಯಾಗಿ) ಬಿಡಿಸಿ ನೋಡಲು ಕಲಿತಿರುವ ನಮ್ಮ ಸೀಮೆಯ ಓದುಗರಿಗೆ ಗಾಥಿಕ್ ಮುಖಭಾಗವನ್ನು ನೋಡಲು ಬೇಕಾದ ತಯಾರಿಯಲ್ಲಿ ಅರ್ಧದಷ್ಟು ಆಗಲೇ ಆಗಿದೆ ಎಂಬುದು ನನ್ನ ಅಭಿಪ್ರಾಯ. ಉಳಿದರ್ಧಕ್ಕಾಗಿ ಈ ಬರಹ. ಯುರೋಪಿಗೆ ಹೋಗುವ ಅವಕಾಶವಿರುವವರಿಗೂ, ಕೊಪ್ಪಳದಲ್ಲೋ ರಾಯಚೂರಿನಲ್ಲೋ ಕುಳಿತು ಒಳ್ಳೆಯ ಛಾಯಾಚಿತ್ರಗಳ ಮೂಲಕವೇ ನೋಡಬೇಕಾದ ಚಿತ್ರಕಲೆ ಮತ್ತು ಇತಿಹಾಸದ ವಿದ್ಯಾರ್ಥಿಗಳಿಗೂ ಇದೇ ಕ್ರಮ ಸಾಕಾಗುತ್ತದೆ.

ಮೊದಲು ಪಾಲಿಸಬೇಕಾದ ನಿಯಮವೆಂದರೆ, ಕಣ್ಣನ್ನು ಗೋಪುರಗಳು ಎಷ್ಟೇ ಸೆಳೆದರೂ ಅಲ್ಲಿಗೆ ಕೊನೆಗೆ ಹೋಗಬೇಕು, ಬಾಗಿಲಿನಿಂದ ಆರಂಭಿಸಬೇಕು. ಇದು ಕೇವಲ ಅನುಕೂಲದ ಮಾತಲ್ಲ. ಇಂದು ಪ್ಯಾರಿಸ್ಸಿನ ನೋತ್ರ ದಾಮ್ ಚರ್ಚಿನ ಎದುರಿಗಿರುವ ವಿಶಾಲ ಅಂಗಳದ ಬಹುಪಾಲು 19ನೆಯ ಶತಮಾನದಲ್ಲಿ ಹಳೆಯ ಮನೆಗಳನ್ನು ಕೆಡವಿ ತೆರವು ಮಾಡಿದ ಜಾಗ. ಚರ್ಚನ್ನು ಕಟ್ಟಿದ ಕಾಲದ ಜನ ಇಕ್ಕಟ್ಟಾದ ಓಣಿಗಳಿಂದ ಹೊರಬಿದ್ದೊಡನೆ ಬಾಗಿಲುಗಳ ಎದುರಿಗೇ ಬಂದು ನಿಲ್ಲುತ್ತಿದ್ದರು. ಇಡೀ ಮುಖಭಾಗ ಒಂದೇ ನೋಟಕ್ಕೆ ಅವರಿಗೆ ಸುಲಭವಾಗಿ ದಕ್ಕುತ್ತಿರಲಿಲ್ಲ. ಶಿಲ್ಪದ ಅತಿ ದಟ್ಟವಾದ, ಅತಿ ಸೂಕ್ಷ್ಮವಾದ ಕೆಲಸವೆಲ್ಲ ಬಾಗಿಲಿನ ಸುತ್ತ ಸೇರಿರುವುದಕ್ಕೆ ಇದೂ ಒಂದು ಕಾರಣ. ದೂರದಿಂದ ಪೂರ್ತಿ ಕಾಣುವ ಅಂಚೆಚೀಟಿಯಂಥ ನೋಟ ಬಹುಮಟ್ಟಿಗೆ ನಮ್ಮ ಕಾಲದ್ದು.

ಬೆಳಕು ಮತ್ತು ಸಲಕರಣೆ

ಇಟಗಿಯ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಅಲ್ಲಿಗೆ ಬೆಳಗಿನ ಹೊತ್ತು ಹೋಗುವುದು ವಾಡಿಕೆ. ಗಾಥಿಕ್ ಚರ್ಚಿನಲ್ಲಿ ಬಲಿಪೀಠ ಪೂರ್ವದ ಕೊನೆಯಲ್ಲಿರುತ್ತದೆ, ಆದ್ದರಿಂದ ಮುಖ್ಯ ಬಾಗಿಲು ಪಶ್ಚಿಮಕ್ಕೆ ತೆರೆದುಕೊಳ್ಳುತ್ತದೆ, ಮತ್ತು ಬೆಳಿಗ್ಗೆ ಹೋದವರಿಗೆ ಮುಖಭಾಗ ನೆರಳಿನಲ್ಲಿ ಮಂಕಾಗಿ ಕಾಣುತ್ತದೆ. ನಡುಹಗಲು ಕಳೆದ ಸ್ವಲ್ಪ ಹೊತ್ತಿಗೆ ಸೂರ್ಯ ದಕ್ಷಿಣದಿಂದ ಗೋಡೆಯನ್ನು ಓರೆಯಾಗಿ ಸವರಿಕೊಂಡು ಬರುವಾಗ ಉಬ್ಬುತಗ್ಗುಗಳು ಅತ್ಯಂತ ಸ್ಪಷ್ಟವಾಗಿ ಮೂಡುತ್ತವೆ. ಬಟ್ಟೆಯ ನೆರಿಗೆ, ಉಳಿಯ ಗುರುತು, ಕಲ್ಲಿನ ಸಂದುಗಳನ್ನು ನೋಡಲು ಆ ಹೊತ್ತೇ ಸರಿ. ಸಂಜೆಯ ಬೆಳಕು ನೇರವಾಗಿ ಎದುರಿನಿಂದ ಬೀಳುವುದರಿಂದ ಉಬ್ಬು ಚಪ್ಪಟೆಯಾಗುತ್ತದೆ, ಆದರೆ ಬಾಗಿಲಿನ ಆಳವಾದ ಕಮಾನುಗಳ ಒಳಗಿರುವ ಮೂರ್ತಿಗಳವರೆಗೆ ಆಗ ಮಾತ್ರ ಬಿಸಿಲು ಮುಟ್ಟುತ್ತದೆ. ಆದ್ದರಿಂದ ಸಾಧ್ಯವಿದ್ದರೆ ಒಂದೇ ದಿನ ಎರಡು ಹೊತ್ತಿನಲ್ಲಿ ನೋಡಬೇಕು. ಛಾಯಾಚಿತ್ರದಿಂದ ಅಭ್ಯಾಸ ಮಾಡುವವರೂ ಬೇರೆ ಬೇರೆ ಹೊತ್ತಿನ ಎರಡು ಚಿತ್ರಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ನೆರಳು ಯಾವ ಕಡೆಗೆ ಬಿದ್ದಿದೆ ಎಂಬುದರಿಂದ ಹೊತ್ತನ್ನು ಅಂದಾಜಿಸಬಹುದು.

ಒಂದು ಸಣ್ಣ ಬೈನಾಕ್ಯುಲರ್, ಗೆರೆಯಿಲ್ಲದ ಹಾಳೆ, ಪೆನ್ಸಿಲ್ ಇದ್ದರೆ ಸಾಕು. ಚಿತ್ರ ಬರೆಯಲು ಬಾರದು ಎನ್ನುವವರೂ ಹಾಳೆ ಹಿಡಿಯಲೇಬೇಕು, ಏಕೆಂದರೆ ಇಲ್ಲಿ ಬೇಕಾಗಿರುವುದು ಚೆಂದದ ಚಿತ್ರವಲ್ಲ, ಯಾವುದು ಎಲ್ಲಿದೆ ಎಂಬ ನಕ್ಷೆ.

ಬಾಗಿಲು

ಬಾಗಿಲಿನ ಎದುರು ನಿಂತು ಐದು ಭಾಗಗಳನ್ನು ಹಾಳೆಯ ಮೇಲೆ ಗುರುತಿಸಿಕೊಳ್ಳಿ. ಎರಡು ಕದಗಳ ನಡುವೆ ನಿಂತಿರುವ ಕಂಬ ಟ್ರೂಮೋ; ಅದರ ಮೇಲೆ ಆ ಬಾಗಿಲಿನ ಮುಖ್ಯ ವ್ಯಕ್ತಿಯ ಮೂರ್ತಿ ಇರುತ್ತದೆ. ಬಾಗಿಲಿನ ಎರಡೂ ಪಕ್ಕಗಳಲ್ಲಿ ಒಳಕ್ಕೆ ಇಳಿಜಾರಾಗಿ ಸರಿಯುವ ಗೋಡೆಗಳು ಜಾಂಬ್. ಅಲ್ಲಿ ಆಳೆತ್ತರದ ಅಥವಾ ಅದಕ್ಕೂ ದೊಡ್ಡ ಮೂರ್ತಿಗಳು ಸಾಲಾಗಿ ನಿಲ್ಲುತ್ತವೆ. ಕದಗಳ ಮೇಲಿನ ಅಡ್ಡಪಟ್ಟಿ ಲಿಂಟೆಲ್. ಅದರ ಮೇಲೆ, ಕಮಾನಿನ ಒಳಗೆ ಉಳಿಯುವ ಮುಕ್ಕೋನದಂಥ ಜಾಗ ಟಿಂಪನಂ. ಅದನ್ನು ಸುತ್ತುವರಿದ ಒಂದರ ಹೊರಗೊಂದು ಕಮಾನಿನ ಪಟ್ಟಿಗಳು ಆರ್ಕಿವೋಲ್ಟ್.

ನಮ್ಮ ಬಾಗಿಲುವಾಡದಲ್ಲಿ ಅಕ್ಕಪಕ್ಕದ ಶಾಖೆಗಳಲ್ಲಿ ಬಳ್ಳಿ, ಸ್ತಂಭ, ದ್ವಾರಪಾಲಕರು ಇದ್ದು, ಮೇಲೆ ಲಲಾಟದ ನಡುವೆ ಗಜಲಕ್ಷ್ಮಿಯಂಥ ಒಂದು ಚಿಕ್ಕ ಬಿಂಬ ಇರುತ್ತದೆ; ಒಳಗಿರುವ ಗರ್ಭಗುಡಿಯೇ ಮುಖ್ಯವಾದ್ದರಿಂದ ಬಾಗಿಲು ಅದಕ್ಕೆ ಪೀಠಿಕೆ ಹಾಕಿ ಸುಮ್ಮನಾಗುತ್ತದೆ. ಗಾಥಿಕ್ ಬಾಗಿಲು ಹಾಗಲ್ಲ. ಅದು ಒಂದು ಪೂರ್ಣ ಕಥನವನ್ನು ಹೊರಗೇ ಹೇಳಿ ಮುಗಿಸುತ್ತದೆ. ಮತ್ತೊಂದು ವ್ಯತ್ಯಾಸವನ್ನೂ ಗಮನದಲ್ಲಿಡಬೇಕು: ಆ ಮೂರ್ತಿಗಳಿಗೆ ಅಭಿಷೇಕವಿಲ್ಲ, ಅರ್ಚನೆಯಿಲ್ಲ, ಅವು ನೋಡಿ ಅರಿಯಬೇಕಾದವು. ಹಾಗಾಗಿ ಯಾವ ಮೂರ್ತಿ ಯಾವ ಸ್ಥಾನದಲ್ಲಿದೆ, ಯಾರ ಪಕ್ಕದಲ್ಲಿದೆ, ಯಾರ ಕೆಳಗಿದೆ ಎಂಬುದೇ ಅರ್ಥದ ಬಹುಪಾಲು.

ಅತಿ ಹೆಚ್ಚು ಸಿಗುವ ವಿಷಯ ಅಂತಿಮ ತೀರ್ಪು, ಎಂದರೆ ಲೋಕದ ಕೊನೆಯಲ್ಲಿ ಕ್ರಿಸ್ತ ಎಲ್ಲರ ಪಾಪಪುಣ್ಯಗಳನ್ನು ವಿಚಾರಿಸುವುದು. ಪ್ಯಾರಿಸ್ಸಿನ ನೋತ್ರ ದಾಮ್, ಉತ್ತರ ಫ್ರಾನ್ಸಿನ ಅಮಿಯಾ ನಗರದ ಚರ್ಚು ಎರಡರಲ್ಲೂ ಪಶ್ಚಿಮದ ನಡುಬಾಗಿಲಿನಲ್ಲಿ ಅದೇ ಇದೆ. ಅದನ್ನು ಲಿಂಟೆಲ್‌ನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ದೇವದೂತರ ಕಹಳೆಗೆ ಎಚ್ಚೆತ್ತ ಸತ್ತವರು ಸಮಾಧಿಯ ಮುಚ್ಚಳ ಸರಿಸಿ ಏಳುತ್ತಾರೆ. ಅವರಲ್ಲಿ ರಾಜ, ಬಿಷಪ್ಪ, ಸಾಮಾನ್ಯರು ಎಲ್ಲರೂ ಇರುತ್ತಾರೆ. ಪ್ಯಾರಿಸ್ಸಿನಲ್ಲಿ ಅದರ ಮೇಲಿನ ಪಟ್ಟಿಯಲ್ಲಿ ಪ್ರಧಾನದೂತ ಮಿಕಾಯೇಲ ತಕ್ಕಡಿ ಹಿಡಿದು ಆತ್ಮಗಳನ್ನು ತೂಗುತ್ತಾನೆ, ಸೈತಾನನ ಕಡೆಯವರು ತಟ್ಟೆಯನ್ನು ತಮ್ಮತ್ತ ಎಳೆಯಲು ನೋಡುತ್ತಾರೆ. ಎಲ್ಲಕ್ಕಿಂತ ಮೇಲೆ ಕ್ರಿಸ್ತ ಕೈಯೆತ್ತಿ ಗಾಯಗಳನ್ನು ತೋರಿಸುತ್ತ ಕುಳಿತಿದ್ದಾನೆ. ಪಕ್ಕದಲ್ಲಿ ಶಿಲುಬೆ, ಮೊಳೆಗಳಂಥ ಯಾತನೆಯ ಉಪಕರಣಗಳನ್ನು ಹಿಡಿದ ದೂತರು, ಇಕ್ಕೆಲದಲ್ಲಿ ಮೊಣಕಾಲೂರಿ ಬೇಡುವ ಮಾತೆ ಮರಿಯ ಮತ್ತು ಶಿಷ್ಯ ಯೋಹಾನ. ರಕ್ಷಣೆ ಪಡೆದವರು ಕ್ರಿಸ್ತನ ಬಲಕ್ಕೆ, ಶಿಕ್ಷೆಗೊಳಗಾದವರು ಎಡಕ್ಕೆ. ಇಲ್ಲಿ ಬಲವೆಂದರೆ ಮೂರ್ತಿಯ ಬಲ, ನೋಡುವವರಿಗೆ ಅದು ಎಡಗಡೆ. ವಿಗ್ರಹಗಳ ಕೈಗಳನ್ನು, ಆಯುಧಗಳನ್ನು ವಿವರಿಸುವಾಗ ನಾವೂ ದೇವರ ಬಲ-ಎಡವನ್ನೇ ಹೇಳುವುದರಿಂದ ನಮ್ಮವರಿಗೆ ಇದು ತೊಡಕಾಗಬಾರದು. ಆದರೂ ಛಾಯಾಚಿತ್ರದ ಮೇಲೆ ಟಿಪ್ಪಣಿ ಬರೆಯುವಾಗ ಹಾಳೆಯ ಬಲ-ಎಡ ಬಂದು ಸೇರಿಕೊಳ್ಳುತ್ತದೆ, ಆದ್ದರಿಂದ ಮೊದಲೇ ನಿರ್ಧರಿಸಿಕೊಳ್ಳಿ. ಈ ಬರಹದಲ್ಲಿ ಬಾಗಿಲುಗಳ ಬಲ-ಎಡ ಮಾತ್ರ ನೋಡುವವರದ್ದು.

ಇನ್ನು ಆರ್ಕಿವೋಲ್ಟುಗಳ ಸಣ್ಣ ಮೂರ್ತಿಗಳು. ಕಮಾನನ್ನು ಬೆಣೆಯಾಕಾರದ ಕಲ್ಲುಗಳಿಂದ ಕಟ್ಟುತ್ತಾರೆ. ಒಂದೊಂದು ಕಲ್ಲಿನಲ್ಲಿ ಒಂದೊಂದು ಮೂರ್ತಿಯನ್ನು ನೆಲದ ಮೇಲೆಯೇ ಕೆತ್ತಿ, ಆಮೇಲೆ ಮೇಲೇರಿಸಿ ಜೋಡಿಸುವುದು ಸಾಮಾನ್ಯ ಪದ್ಧತಿಯಾಗಿತ್ತು. ಆದ್ದರಿಂದ ಕಮಾನಿನ ಬುಡದಲ್ಲಿ ನೆಟ್ಟಗಿರುವ ದೂತ ಅಥವಾ ಪ್ರವಾದಿ, ಮೇಲೆ ಹೋದಂತೆ ವಾಲುತ್ತ ವಾಲುತ್ತ ತುದಿಯ ಹತ್ತಿರ ಬಹುತೇಕ ಮಲಗಿದಂತೆ ಕಾಣುತ್ತಾನೆ. ಮೂರ್ತಿಗಳ ನಡುವಿನ ಸಂದನ್ನು ಹುಡುಕಿದರೆ ಯಾವುದು ಒಂದು ಕಲ್ಲು, ಎಲ್ಲಿಂದ ಇನ್ನೊಂದು ಎಂದು ತಿಳಿಯುತ್ತದೆ. ಫ್ರಾನ್ಸಿನ ಶಾರ್ತ್ರ ನಗರದ ಚರ್ಚಿನ ಪಶ್ಚಿಮ ದ್ವಾರದ ಬಲಗಡೆಯ ಆರ್ಕಿವೋಲ್ಟುಗಳಲ್ಲಿ ಆ ಕಾಲದ ಏಳು ವಿದ್ಯೆಗಳನ್ನು ಸ್ತ್ರೀರೂಪದಲ್ಲಿ ತೋರಿಸಿದ್ದಾರೆ. ವ್ಯಾಕರಣವು ಕೈಯಲ್ಲಿ ಬೆತ್ತ ಹಿಡಿದು ಇಬ್ಬರು ಹುಡುಗರನ್ನು ಎದುರಿಗೆ ಕೂರಿಸಿಕೊಂಡಿದೆ. ಮಗ್ಗಿ ತಪ್ಪಿದ್ದಕ್ಕೆ ಪೆಟ್ಟು ತಿಂದವರಿಗೆ ಈ ಶಿಲ್ಪಕ್ಕೆ ವಿವರಣೆ ಬೇಕಾಗದು.

ಚೂಪು ಕಮಾನಿನ ಬಗ್ಗೆಯೂ ಒಂದು ಮಾತು. ಇಟಗಿಯಲ್ಲಿ ಕಮಾನಿಲ್ಲ, ತೊಲೆ-ಕಂಬದ ರಚನೆ. ರಾಯಚೂರು, ಮುದಗಲ್ಲು ಕೋಟೆಗಳಲ್ಲಿ ಸುಲ್ತಾನರ ಕಾಲದ ಚೂಪು ಕಮಾನುಗಳನ್ನು ನೋಡಿದವರಿಗೆ ಆಕಾರ ಪರಿಚಿತ. ಅರ್ಧವೃತ್ತದ ಕಮಾನಿಗಿಂತ ಚೂಪು ಕಮಾನು ಭಾರವನ್ನು ಹೆಚ್ಚು ಕೆಳಮುಖವಾಗಿ ಸಾಗಿಸುತ್ತದೆ, ಪಕ್ಕಕ್ಕೆ ತಳ್ಳುವುದು ಕಡಿಮೆ. ಜೊತೆಗೆ ಒಂದೇ ಅಗಲಕ್ಕೆ ಬೇಕಾದ ಎತ್ತರವನ್ನು ಕೊಡಬಹುದು. ಬಾಗಿಲಿನ ಮೇಲೆ ಟಿಂಪನಂಗೆ ಇಷ್ಟು ಜಾಗ ಸಿಕ್ಕಿರುವುದು ಅದರಿಂದಲೇ.

ಯಾರು ಯಾರೆಂದು ಗುರುತಿಸುವುದು

ಆಯುಧ, ವಾಹನಗಳಿಂದ ದೇವತೆಯನ್ನು ಗುರುತಿಸುವ ಅಭ್ಯಾಸವಿದ್ದವರಿಗೆ ಈ ಭಾಗ ಸುಲಭ. ಕೀಲಿಕೈ ಹಿಡಿದವನು ಪೇತ್ರ. ಕತ್ತಿ ಹಿಡಿದ, ಬೋಳುಹಣೆಯ, ಉದ್ದ ಗಡ್ಡದವನು ಪೌಲ. ಓರೆ ಶಿಲುಬೆ ಅಂದ್ರೆಯನದು, ಚಿಪ್ಪು ಯಾಕೋಬನದು, ಚಾಕು ಬಾರ್ತೊಲೊಮಾಯನದು. ಗಡ್ಡವಿಲ್ಲದ ಎಳೆಯ ಮುಖದವನು ಸುವಾರ್ತೆಯ (ಕ್ರಿಸ್ತನ ಜೀವನ ಹೇಳುವ ಗ್ರಂಥದ) ಕರ್ತೃ ಯೋಹಾನ. ಕುರಿಮರಿಯಿರುವವನು ಸ್ನಾನಿಕ ಯೋಹಾನ. ಕಲ್ಲಿನ ಹಲಗೆ ಹಿಡಿದವನು ಮೋಶೆ. ಬಾಲಕನನ್ನು ಬಲಿಗೆ ಅಣಿಮಾಡುತ್ತಿರುವವನು ಅಬ್ರಹಾಮ. ತನ್ನ ತಲೆಯನ್ನು ತಾನೇ ಕೈಯಲ್ಲಿ ಹಿಡಿದು ನಿಂತವನು ಪ್ಯಾರಿಸ್ಸಿನ ಸಂತ ಡೆನಿ. ಕ್ರಿಸ್ತನ ಸುತ್ತ ನಾಲ್ಕು ರೂಪಗಳಿದ್ದರೆ ಅವು ನಾಲ್ಕು ಸುವಾರ್ತೆಗಳ ಕರ್ತೃಗಳ ಗುರುತು: ಮನುಷ್ಯರೂಪ ಮತ್ತಾಯ, ಸಿಂಹ ಮಾರ್ಕ, ಎತ್ತು ಲೂಕ, ಹದ್ದು ಯೋಹಾನ. ಶಾರ್ತ್ರದ ನಡುಬಾಗಿಲಿನ ಟಿಂಪನಂನಲ್ಲಿ ಇವನ್ನು ನಿಚ್ಚಳವಾಗಿ ನೋಡಬಹುದು.

ಕೈಯ ವಸ್ತು ಮುರಿದುಹೋಗಿದ್ದರೆ ಕಾಲನ್ನು ನೋಡಿ. ಕ್ರಿಸ್ತ, ದೇವದೂತರು, ಅವನ ಪ್ರಥಮ ಶಿಷ್ಯರು ಸಾಮಾನ್ಯವಾಗಿ ಬರಿಗಾಲಿನಲ್ಲಿರುತ್ತಾರೆ. ರಾಜರು, ಬಿಷಪ್ಪರು, ಮಾತೆ ಮರಿಯ ಪಾದರಕ್ಷೆ ಧರಿಸಿರುತ್ತಾರೆ. ಪಾದದ ಕೆಳಗಿನ ಪೀಠವನ್ನೂ ಬಿಡಬೇಡಿ: ನಟರಾಜನ ಕಾಲಡಿಯ ಅಪಸ್ಮಾರನಂತೆ ಅಲ್ಲಿಯೂ ಸೋತವನೋ ಹಿಂಸಿಸಿದವನೋ ಕುಗ್ಗಿ ಕುಳಿತಿರುತ್ತಾನೆ, ಮತ್ತು ಅವನಿಂದ ಮೇಲೆ ನಿಂತವನ ಹೆಸರು ಸಿಗುತ್ತದೆ. ಅಮಿಯಾದ ಟ್ರೂಮೋ ಮೇಲಿನ ಕ್ರಿಸ್ತನನ್ನು ‘ಸುಂದರ ದೇವರು’ ಎಂದು ಕರೆಯುತ್ತಾರೆ. ಅವನು ಮೆಟ್ಟಿ ನಿಂತಿರುವುದು ಸಿಂಹ ಮತ್ತು ಘಟಸರ್ಪವನ್ನು, ಬೈಬಲಿನ ಕೀರ್ತನೆಯೊಂದರ ಮಾತನ್ನು ಕಲ್ಲಿಗಿಳಿಸಿದಂತೆ.

ಕಿರೀಟಧಾರಿಗಳನ್ನು ಕಂಡಾಗ ಎಚ್ಚರ ಬೇಕು. ನೋತ್ರ ದಾಮ್ ಬಾಗಿಲುಗಳ ಮೇಲೆ 28 ರಾಜರ ಸಾಲಿದೆ. ಅವರು ಬೈಬಲಿನ ಹಳೆಯ ಒಡಂಬಡಿಕೆಯ ಯೂದಾಯದ ಅರಸರು, ಮರಿಯಳ ವಂಶದ ಪೂರ್ವಿಕರು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಅವರನ್ನು ಫ್ರೆಂಚ್ ದೊರೆಗಳೆಂದೇ ತಿಳಿದು ತಲೆ ಹಾರಿಸಿದರು. 1977ರಲ್ಲಿ ಪ್ಯಾರಿಸ್ಸಿನ ಒಂದು ಕಟ್ಟಡದ ಕಾಮಗಾರಿಯಲ್ಲಿ ಅವುಗಳಲ್ಲಿ 21 ತಲೆಗಳು ನೆಲದಡಿ ಸಿಕ್ಕವು. ಅವು ಈಗ ಅಲ್ಲಿನ ಕ್ಲೂನಿ ವಸ್ತುಸಂಗ್ರಹಾಲಯದಲ್ಲಿವೆ. ಮುಖಭಾಗದಲ್ಲಿ ಇಂದು ನಿಂತಿರುವವು 19ನೆಯ ಶತಮಾನದ ಮೂರ್ತಿಗಳು. ಪ್ಯಾರಿಸ್ಸಿಗೆ ಹೋದವರು ಕ್ಲೂನಿಗೆ ಹೋಗದೆ ಬಂದರೆ ಆ ರಾಜರನ್ನು ನೋಡಿದೆವೆಂದು ಹೇಳಿಕೊಳ್ಳದಿರುವುದು ಮೇಲು.

ಮೊಣಕಾಲಿನ ಎತ್ತರದಲ್ಲಿರುವುದು

ಹೆಚ್ಚಿನವರು ನೋಡದೆ ದಾಟಿಹೋಗುವ ಭಾಗ ಇದು, ನನಗೆ ಅತಿ ಪ್ರಿಯವಾದದ್ದೂ ಇದೇ. ಅಮಿಯಾದ ದೊಡ್ಡ ಮೂರ್ತಿಗಳ ಪಾದಗಳ ಕೆಳಗೆ, ಮನುಷ್ಯರ ಕಣ್ಣಿನ ಮಟ್ಟಕ್ಕೋ ಅದಕ್ಕೂ ಕೆಳಗೋ, ನಾಲ್ಕೆಸಳಿನ ಚೌಕಟ್ಟುಗಳ ಒಳಗೆ ಸಣ್ಣ ಉಬ್ಬುಶಿಲ್ಪಗಳ ಸಾಲುಗಳಿವೆ. ನಡುಬಾಗಿಲಿನಲ್ಲಿ ಸದ್ಗುಣ, ದುರ್ಗುಣಗಳ ಜೋಡಿಗಳು. ಎಡಗಡೆಯ ಸಂತ ಫರ್ಮಿನ್ ಬಾಗಿಲಿನಲ್ಲಿ ಹನ್ನೆರಡು ರಾಶಿಗಳು, ಒಂದೊಂದರ ಕೆಳಗೆ ಆ ತಿಂಗಳ ಬೇಸಾಯದ ಕೆಲಸ: ಗೋದಿ ಕೊಯ್ಯುವುದು, ಕಾಳು ಬಡಿಯುವುದು, ಚಳಿಗಾಲದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ಕೂರುವುದು. ಮೇಷ, ವೃಷಭ, ಮೀನ ಯಾವುದೂ ನಮಗೆ ಹೊಸದಲ್ಲ. ಆದ್ದರಿಂದ ಹೆಸರು ಬರೆದ ಫಲಕವಿಲ್ಲದೆಯೇ ಕೊಪ್ಪಳದ ಓದುಗರೊಬ್ಬರು ಈ ಸಾಲನ್ನು ಮೊದಲ ನೋಟಕ್ಕೇ ಓದಿಬಿಡಬಹುದು. ತಿಂಗಳನ್ನು ಹೊಂದಿಸುವಾಗ ಮಾತ್ರ ಅವರ ಲೆಕ್ಕದಲ್ಲಿ ಮೇಷ ಮಾರ್ಚ್ ಉತ್ತರಾರ್ಧದಲ್ಲೇ ಹಿಡಿಯುತ್ತದೆ, ನಮ್ಮ ಪಂಚಾಂಗದಲ್ಲಿ ಏಪ್ರಿಲ್ ನಡುವಿಗೆ ಬರುತ್ತದೆ ಎಂಬುದನ್ನು ನೆನಪಿಡಿ.

ಕೆತ್ತನೆಯ ನಯ ಕಲ್ಲಿನ ಗುಣದ ಮೇಲೆ ನಿಂತಿದೆ. ಇಟಗಿಯ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು, ಹಾಗಾಗಿ ಬಳ್ಳಿಯ ಎಳೆಯನ್ನೂ ಬಿಡಿಸಲು ಬಂತು. ಹಂಪಿಯ ಕಣಶಿಲೆಯಲ್ಲಿ ಅಷ್ಟು ಸೂಕ್ಷ್ಮ ಸಾಧ್ಯವಾಗಲಿಲ್ಲ. ಉತ್ತರ ಫ್ರಾನ್ಸಿನ ಸುಣ್ಣದಕಲ್ಲೂ ಉಳಿಗೆ ಒಗ್ಗುವ ಕಲ್ಲು. ಆದರೆ ಅದು ಮಳೆ, ಹೊಗೆಗಳಿಗೆ ಬೇಗ ಕರಗುತ್ತದೆ, ಮತ್ತು ನೆಲದ ಹತ್ತಿರದ ಈ ಸಣ್ಣ ಶಿಲ್ಪಗಳೇ ಬೇಗ ಸವೆಯುತ್ತವೆ.

ಮೇಲಕ್ಕೆ

ಈಗ ಹಿಂದೆ ಸರಿದು ಇಡೀ ಮುಖಭಾಗದ ಚೌಕಟ್ಟನ್ನು ಬರೆದುಕೊಳ್ಳಿ. ಗೋಡೆಯಿಂದ ಮುಂದಕ್ಕೆ ಚಾಚಿದ ನಾಲ್ಕು ಆನಿಕೆಗೋಡೆಗಳು ಸಾಮಾನ್ಯವಾಗಿ ಮುಖಭಾಗವನ್ನು ಮೂರು ನಿಲುವು ಭಾಗಗಳಾಗಿ ಹಂಚುತ್ತವೆ. ಅಡ್ಡ ಪಟ್ಟಿಗಳು ಅಂತಸ್ತುಗಳನ್ನು ಹಂಚುತ್ತವೆ. ನೋತ್ರ ದಾಮ್‌ನಲ್ಲಿ ಬಾಗಿಲು, ರಾಜರ ಸಾಲು, ಗುಲಾಬಿ ಕಿಟಕಿ, ಕಂಬಸಾಲಿನ ತೆರೆದ ಪಡಸಾಲೆ, 69 ಮೀಟರ್ ಎತ್ತರದ ಗೋಪುರಗಳು ಎಂಬ ಕ್ರಮವಿದೆ. ಈ ಗೆರೆಗಳನ್ನು ಎಳೆದ ಮೇಲೆ ಎಲ್ಲಿ ಸಮಮಿತಿ ತಪ್ಪಿದೆ ಎಂದು ಹುಡುಕುವುದೇ ಮುಂದಿನ ಕೆಲಸ. ಅದೇ ನೋತ್ರ ದಾಮ್‌ನಲ್ಲಿ ಎಡಬಾಗಿಲಿನ ಮೇಲೆ ಮಾತ್ರ ಮುಕ್ಕೋನದ ಚೌಕಟ್ಟಿದೆ, ಉತ್ತರದ ಗೋಪುರ ದಕ್ಷಿಣದ್ದಕ್ಕಿಂತ ತುಸು ದಪ್ಪ. ಬಲಬಾಗಿಲಿನ ಟಿಂಪನಂನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡ ಮರಿಯ ನೇರ ಎದುರುಮುಖವಾಗಿ, ಬಿಗಿದುಕೊಂಡು ಕುಳಿತಿದ್ದಾಳೆ. ಏಕೆಂದರೆ ಆ ಶಿಲ್ಪ 12ನೆಯ ಶತಮಾನದ್ದು, 13ನೆಯ ಶತಮಾನದ ಮುಖಭಾಗದೊಳಗೆ ಅದನ್ನು ತಂದು ಕೂರಿಸಿದ್ದಾರೆ. ಪಕ್ಕದ ಬಾಗಿಲುಗಳ ಸಡಿಲವಾದ ನಿಲುವು, ತಿರುಗಿದ ಕುತ್ತಿಗೆ, ಆಳವಾದ ನೆರಿಗೆಗಳೊಂದಿಗೆ ಹೋಲಿಸಿದರೆ ಎರಡು ಪೀಳಿಗೆಗಳ ಅಂತರ ಕಣ್ಣಿಗೆ ಕಟ್ಟುತ್ತದೆ.

ಶಾರ್ತ್ರದ ಮುಖಭಾಗವಂತೂ ಮೂರು ಕಾಲಗಳ ಒಟ್ಟು. 1194ರ ಬೆಂಕಿಯಲ್ಲಿ ಚರ್ಚಿನ ಹೆಚ್ಚಿನ ಭಾಗ ಸುಟ್ಟರೂ 12ನೆಯ ಶತಮಾನದ ನಡುವಿನ ಬಾಗಿಲುಗಳು ಉಳಿದವು. ಕಂಬದೊಂದಿಗೆ ಒಂದೇ ಕಲ್ಲಿನಲ್ಲಿ ಕೆತ್ತಿದ, ಕಂಬದಂತೆಯೇ ನೀಳವಾದ 24 ಮೂರ್ತಿಗಳಲ್ಲಿ 19 ಇಂದಿಗೂ ಇವೆ. ಮೇಲಿನ ಗುಲಾಬಿ ಕಿಟಕಿ 13ನೆಯ ಶತಮಾನದ ಆರಂಭದ್ದು. ದಕ್ಷಿಣದ ಸರಳವಾದ ಶಿಖರ 12ನೆಯ ಶತಮಾನದ್ದಾದರೆ, ಉತ್ತರದ ಜಾಲರಿಯಂಥ ಶಿಖರವನ್ನು ಸಿಡಿಲಿಗೆ ಸುಟ್ಟ ಹಳೆಯದರ ಬದಲಿಗೆ 1507ರಿಂದ 1513ರ ನಡುವೆ ಕಟ್ಟಿದರು.

ಕಾಲವನ್ನು ಅಂದಾಜು ಮಾಡಲು ಕಿಟಕಿಯ ಕಲ್ಲಿನ ಜಾಲರಿ ಒಳ್ಳೆಯ ಸಾಧನ. ಶಾರ್ತ್ರದ ಪಶ್ಚಿಮದ ಗುಲಾಬಿಯಲ್ಲಿ ಗೋಡೆಯ ಹಲಗೆಯಲ್ಲಿ ರಂಧ್ರ ಕೊರೆದಂತೆ ಕಾಣುತ್ತದೆ; ಗೋಡೆ ಹೆಚ್ಚು, ಗಾಜು ಕಡಿಮೆ. ಫ್ರಾನ್ಸಿನ ರೀಮ್ಸ್ ನಗರದ ಚರ್ಚಿನಲ್ಲಿ, 1211ರ ನಂತರ, ತೆಳುವಾದ ಕಲ್ಲುಕಡ್ಡಿಗಳನ್ನು ಜೋಡಿಸಿ ಗಾಜಿಗೆ ಜಾಗ ಬಿಡುವ ವಿಧಾನ ಬಂತು. ಅಲ್ಲಿ ಬಾಗಿಲಿನ ಟಿಂಪನಂ ಜಾಗಕ್ಕೂ ಗಾಜು ಹಾಕಿ, ಮರಿಯಳ ಕಿರೀಟಧಾರಣೆಯ ಶಿಲ್ಪವನ್ನು ಅದರ ಮೇಲಿನ ಮುಕ್ಕೋನಕ್ಕೆ ಏರಿಸಿದರು. ಜಾಲರಿ ಬೆಂಕಿಯ ನಾಲಗೆಗಳಂತೆ ಬಳುಕಿದ್ದರೆ ಹೆಚ್ಚಿನ ಮಟ್ಟಿಗೆ 15ನೆಯ ಶತಮಾನ ಅಥವಾ ಅದರ ನಂತರದ್ದು ಎನ್ನಬಹುದು.

ಮೂರ್ತಿಗಳನ್ನು ಕೆತ್ತಿದ ಶಿಲ್ಪಿಯ ಕೈ ಬದಲಾಗಿರುವುದನ್ನೂ ರೀಮ್ಸ್‌ನಲ್ಲೇ ಕಲಿಯಬೇಕು. ನಡುಬಾಗಿಲಿನ ಬಲಪಕ್ಕದಲ್ಲಿ ನಾಲ್ಕು ಮೂರ್ತಿಗಳು ಒಟ್ಟಿಗೆ ನಿಂತಿವೆ: ಶುಭವಾರ್ತೆ ತಂದ ಗಬ್ರಿಯೇಲ, ಮರಿಯ, ಮತ್ತೆ ಮರಿಯ, ಅವಳು ಭೇಟಿಯಾಗಲು ಹೋದ ಎಲಿಜಬೇತ್. ಎರಡನೆಯ ಜೋಡಿಯ ಬಟ್ಟೆ ಪ್ರಾಚೀನ ರೋಮಿನ ಪ್ರತಿಮೆಗಳಂತೆ ಸಣ್ಣ ಸಣ್ಣ ನೆರಿಗೆಗಳಲ್ಲಿ ಒದ್ದೆಯಾದಂತೆ ಮೈಗಂಟಿದೆ. ಮೊದಲ ಜೋಡಿಯ ಮರಿಯಳ ಬಟ್ಟೆ ಸರಳ, ನೇರ. ಗಬ್ರಿಯೇಲ ತೆಳ್ಳಗೆ ಬಾಗಿ ನಗುತ್ತಿದ್ದಾನೆ. ಒಂದೇ ಸಾಲಿನಲ್ಲಿ ಮೂರು ಬೇರೆ ಶಿಲ್ಪಿತಂಡಗಳು! ಎಡಬಾಗಿಲಿನ ಪ್ರಸಿದ್ಧ ‘ನಗುವ ದೂತ’ನ ತಲೆ 1914ರ ಸೆಪ್ಟೆಂಬರಿನಲ್ಲಿ ಜರ್ಮನ್ ಫಿರಂಗಿ ದಾಳಿಯಿಂದ ಹತ್ತಿದ ಬೆಂಕಿಯಲ್ಲಿ ಮುರಿದು ಬಿತ್ತು, ಚೂರುಗಳನ್ನು ಕೂಡಿಸಿ 1926ರಲ್ಲಿ ಮತ್ತೆ ಕೂರಿಸಿದರು.

ಮೇಲಿನಿಂದ ಚಾಚಿದ ಪ್ರಾಣಿಮುಖಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಾಯಿಯಿಂದ ನೀರು ಹೊರಗೆ ಹೋಗುವ ದಾರಿಯಿದ್ದರೆ ಅದು ಗಾರ್ಗಾಯ್ಲ್. ಛಾವಣಿಯ ಮಳೆನೀರನ್ನು ಗೋಡೆಯಿಂದ ದೂರಕ್ಕೆ ಚೆಲ್ಲುವುದು ಅದರ ಕೆಲಸ, ಗರ್ಭಗುಡಿಯ ತೀರ್ಥ ಹೊರಬೀಳುವ ಪ್ರಣಾಳದ ಹಾಗೆ. ನೀರಿನ ದಾರಿಯಿಲ್ಲದೆ ಸುಮ್ಮನೆ ಕುಳಿತಿರುವುದು ಬರೀ ಅಲಂಕಾರ. ನೋತ್ರ ದಾಮ್ ಗೋಪುರದ ಮೇಲೆ ಗಲ್ಲಕ್ಕೆ ಕೈಯಿಟ್ಟು ಕುಳಿತ ಪ್ರಸಿದ್ಧ ರಾಕ್ಷಸಾಕೃತಿ ಮಧ್ಯಯುಗದ್ದಲ್ಲವೇ ಅಲ್ಲ. 1844ರಲ್ಲಿ ಆರಂಭವಾದ ಜೀರ್ಣೋದ್ಧಾರದಲ್ಲಿ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯೂಕ್ ಸೇರಿಸಿದ್ದು. ಫ್ರಾನ್ಸಿನ ಲಾನ್ ನಗರದ ಚರ್ಚಿನ ಗೋಪುರಗಳ ಮೇಲಿನ ಹದಿನಾರು ಎತ್ತುಗಳು ಮಾತ್ರ ಬೇರೆಯೇ ಬಗೆಯವು. ಗುಡ್ಡದ ಮೇಲಕ್ಕೆ ಕಲ್ಲು ಎಳೆದ ಎತ್ತುಗಳ ಗೌರವಕ್ಕಾಗಿ ಅವನ್ನು ಕೆತ್ತಿದರೆಂದು ಅಲ್ಲಿನ ಐತಿಹ್ಯ. ಕಾರಹುಣ್ಣಿಮೆಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವ ನಮ್ಮ ರೈತರಿಗೆ ಆ ಮಾತು ಸಹಜವಾಗಿಯೇ ತೋರೀತು.

ಹಳೆಯದು ಯಾವುದು, ಹೊಸದು ಯಾವುದು

ಇದನ್ನು ಕೇಳದೆ ನೋಟ ಮುಗಿಯುವುದಿಲ್ಲ. ಅಂಚುಗಳು ಹರಿತವಾಗಿದ್ದು ಎಲ್ಲ ಮುಖಗಳೂ ಒಂದೇ ಹದದಲ್ಲಿ ನಯವಾಗಿದ್ದರೆ ಸಂಶಯಪಡಿ; ಅಕ್ಕಪಕ್ಕದ ಕಲ್ಲಿನ ಬಣ್ಣ ಬೇರೆಯಾಗಿದ್ದರೆ ಇನ್ನೂ ಹೆಚ್ಚು ಸಂಶಯಪಡಿ. ಪ್ಯಾರಿಸ್ಸಿನ ನಡುಬಾಗಿಲಿನಲ್ಲಿ, ಮೆರವಣಿಗೆಯ ಮೇಲ್ಕಟ್ಟು ಸರಾಗವಾಗಿ ಒಳಹೋಗಲೆಂದು 1771ರಲ್ಲಿ ವಾಸ್ತುಶಿಲ್ಪಿ ಸೂಫ್ಲೋ ಟ್ರೂಮೋವನ್ನು ತೆಗೆಸಿ ಅದರ ಮೇಲಿನ ಶಿಲ್ಪವನ್ನೂ ಕತ್ತರಿಸಿದ್ದ. ಈಗ ಅಲ್ಲಿರುವ ಭಾಗ 19ನೆಯ ಶತಮಾನದ ಮರುರಚನೆ. ಅದೇ ಬಾಗಿಲಿನ ಮೇಲುಭಾಗದ ಕ್ರಿಸ್ತ ಮಾತ್ರ ಹಳೆಯವನೇ. ಹಾಗೆಯೇ ಜರ್ಮನಿಯ ಕಲೋನ್ ಚರ್ಚನ್ನು 1248ರಲ್ಲಿ ಆರಂಭಿಸಿದರೂ 157 ಮೀಟರ್ ಎತ್ತರದ ಜೋಡಿ ಗೋಪುರಗಳು ಪೂರ್ಣಗೊಂಡದ್ದು 1880ರಲ್ಲಿ. ಎರಡು ತುಂಡಾಗಿ ಕಳೆದುಹೋಗಿದ್ದ ಮಧ್ಯಯುಗದ ಚರ್ಮಪತ್ರದ ನಕ್ಷೆ 1814 ಮತ್ತು 1816ರಲ್ಲಿ ಸಿಕ್ಕಿದ್ದರಿಂದ ಹಳೆಯ ಯೋಜನೆಯಂತೆಯೇ ಕಟ್ಟಲು ಸಾಧ್ಯವಾಯಿತು. ಅದನ್ನು ನಕಲಿ ಎನ್ನುವುದು ಅನ್ಯಾಯ, ಮಧ್ಯಯುಗದ ಶಿಲ್ಪ ಎನ್ನುವುದೂ ತಪ್ಪು.

ಬಣ್ಣದ ವಿಷಯವನ್ನೂ ಸೇರಿಸಿಕೊಳ್ಳಬೇಕು. ಈ ಬೂದು ಕಲ್ಲಿನ ಮೂರ್ತಿಗಳು ಮೊದಲು ಬಣ್ಣ ಬಳಿದುಕೊಂಡಿದ್ದವು. 1990ರ ದಶಕದಲ್ಲಿ ಅಮಿಯಾದ ಮುಖಭಾಗವನ್ನು ಲೇಸರ್‌ನಿಂದ ಶುಚಿಗೊಳಿಸುವಾಗ ಅದರ ಕುರುಹುಗಳು ಕಂಡವು. ಮಡಿಕೆಗಳ ಆಳ, ಕಿವಿಯ ಹಿಂಭಾಗ, ರೆಕ್ಕೆಯ ಸಂದುಗಳಲ್ಲಿ ಬೈನಾಕ್ಯುಲರ್‌ನಿಂದ ಹುಡುಕಿ.

ಹತ್ತಿರದಲ್ಲಿ ಅಭ್ಯಾಸ

ಪರದೇಶಕ್ಕೆ ಹೋಗುವ ಮೊದಲು, ಅಥವಾ ಹೋಗಲಾಗದಿದ್ದರೂ, ಕೊಪ್ಪಳ, ಬಳ್ಳಾರಿಗಳ ಮೂಲಕ ಮೈಸೂರಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಸಂತ ಫಿಲೋಮಿನಾ ಚರ್ಚನ್ನು ನೋಡಬಹುದು. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದ ಈ ಕಟ್ಟಡ ನವಗಾಥಿಕ್ ಶೈಲಿಯದು, ಎಂದರೆ ಹಳೆಯ ಗಾಥಿಕ್ಕನ್ನು ಅನುಕರಿಸಿ ಆಧುನಿಕ ಕಾಲದಲ್ಲಿ ಕಟ್ಟಿದ್ದು. ಅದರ 175 ಅಡಿಯ ಜೋಡಿ ಶಿಖರಗಳನ್ನು ಕಲೋನ್ ಚರ್ಚಿನೊಂದಿಗೆ ಹೋಲಿಸುವುದು ವಾಡಿಕೆ. ಮೂರು ನಿಲುವು ಭಾಗ, ಚೂಪು ಕಮಾನು, ಗುಲಾಬಿ ಕಿಟಕಿ, ಜಾಲರಿಗಳನ್ನು ನಕ್ಷೆಯಲ್ಲಿ ಗುರುತಿಸಲು ಅದು ಸಾಕು. ಫ್ರಾನ್ಸಿನ ಬಾಗಿಲುಗಳಲ್ಲಿರುವಂಥ ಶಿಲ್ಪಗಳ ಗುಂಪು ಅಲ್ಲಿಲ್ಲ. ಆ ಅಭ್ಯಾಸಕ್ಕೆ ಇಟಗಿಯೇ ಸರಿ. ಅಲ್ಲಿ ಒಂದು ಬಾಗಿಲುವಾಡವನ್ನು ಆರಿಸಿ, ಹೊಸ್ತಿಲಿನಿಂದ ಲಲಾಟದವರೆಗೆ ಪ್ರತಿ ಮೂರ್ತಿಯ ಸ್ಥಾನ, ಕೈಯ ವಸ್ತು, ಪಾದದ ಕೆಳಗಿರುವುದು, ಮುರಿದಿರುವುದು, ಆಮೇಲೆ ಸೇರಿಸಿದ್ದು ಎಂಬ ಕ್ರಮದಲ್ಲಿ ಹಾಳೆಯ ಮೇಲೆ ಬರೆಯಿರಿ. ನಂತರ ಅದೇ ಕ್ರಮದಲ್ಲಿ ಅಮಿಯಾದ ಒಂದು ಬಾಗಿಲಿನ ಛಾಯಾಚಿತ್ರವನ್ನು ಬಿಡಿಸಿ. ಬಳ್ಳಾರಿಯ ಕಂಟೋನ್ಮೆಂಟ್ ಪ್ರದೇಶದ ಬ್ರಿಟಿಷರ ಕಾಲದ ಚರ್ಚುಗಳಿಗೂ ಒಮ್ಮೆ ಹೋಗಿ ಬನ್ನಿ. ಆದರೆ ನಮ್ಮ ದೇಶದ ಚರ್ಚುಗಳು ಹಲವೆಡೆ ರಸ್ತೆಗೆ ತಕ್ಕಂತೆ ಮುಖ ಮಾಡಿರುವುದರಿಂದ ಪಶ್ಚಿಮದ ಬೆಳಕಿನ ಲೆಕ್ಕವನ್ನು ಇಲ್ಲಿ ನಂಬಬಾರದು. ಫೋನಿನ ದಿಕ್ಸೂಚಿಯಲ್ಲಿ ದಿಕ್ಕು ನೋಡಿಕೊಂಡು ಹೊತ್ತು ಗೊತ್ತುಮಾಡಿ, ಭಾನುವಾರದ ಬಲಿಪೂಜೆಯ ಸಮಯವನ್ನು ಬಿಟ್ಟು ಹೋಗಿ, ಚಿತ್ರ ತೆಗೆಯುವ ಮೊದಲು ಅಲ್ಲಿನವರನ್ನು ಕೇಳಿ.